ಪಾದ ಎಲ್ಲಿಡ್ಲಿ?

ಹಿಮದ ಚೌಕಿ
೪ ಅಕ್ಟೋಬರ್ ೨೦೨೩

ಅಕ್ಕಾ,

ಇಲ್ಲಿ ಫೋನು ಸಿಗುವುದು ವಾರಕ್ಕೆ ಎರಡು ನಿಮಿಷ. ಅವ್ವ "ಉಂಡೀ? ಸ್ವೆಟರ್ ಹಾಕ್ಕೊಂಡೀ?" ಎಂದು ಕೇಳುವುದರೊಳಗೆ ಹಿಂದೆ ನಿಂತವನು ಬೆನ್ನಿಗೆ ತಿವಿಯುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ಅವ್ವನ ಕಿವಿಗೆ ಈಗಲೇ ಬೀಳಬೇಕಾದ ಮಾತೂ ಅಲ್ಲ.

ಸಂಜೆಯಾದರೆ ಇಲ್ಲಿ ಒಂದು ಕೆಲಸ ಕಡ್ಡಾಯ. ಕಾವಲು ಮುಗಿಸಿ ಬಂಕರಿಗೆ ಬಂದವರು ಬೂಟು ಬಿಚ್ಚಿ ಒಬ್ಬರ ಪಾದ ಇನ್ನೊಬ್ಬರು ನೋಡಬೇಕು. ಬೆರಳು ಬೆಳ್ಳಗಾಗಿದ್ದರೆ ಕೈಯಲ್ಲಿ ಹಿಡಿದು ಬಿಸಿ ಮಾಡಬೇಕು. ಅಸಡ್ಡೆ ಮಾಡಿದರೆ ಬೆರಳು ಹೋಗುತ್ತದೆ. ನನ್ನ ಜೋಡಿ ಸತೀಶಕುಮಾರ, ನಮ್ಮ ಭೂತನಾಳದವನೇ. ಹುಟ್ಟಿನಿಂದ ಕ್ರೈಸ್ತ, ಆದರೆ ಬೈಬಲ್ಲನ್ನು ಪೆಟ್ಟಿಗೆಯ ತಳದಲ್ಲಿಟ್ಟು ಅದರ ಮೇಲೆ ಇಸ್ಪೀಟು ಇಟ್ಟುಕೊಂಡವನು. ಬೇಸಿಗೆಯಲ್ಲಿ ಮಿಜೋರಾಮಿನ ಹುಡುಗನೊಬ್ಬ ಬಂದ. ಅವನು ನಮ್ಮ ಪಾದ ನೋಡುವಾಗ ಮೊಣಕಾಲೂರಿ ಕೂತು ಸಣ್ಣಗೆ ಹಾಡುತ್ತಿದ್ದ. ನಾವು ನಗುತ್ತಿದ್ದೆವು. ಒಂದು ದಿನ ಸತೀಶ ನಗಲಿಲ್ಲ, ಇಸ್ಪೀಟು ಸ್ಟೋವಿಗೆ ಹಾಕಿ ಬೈಬಲ್ಲು ತೆಗೆದ. ಆಮೇಲೆ ನಾನೂ ನಗಲಿಲ್ಲ. ಈಗ ಐವರು ಕೂಡುತ್ತೇವೆ. ರಮ್ ಬಿಟ್ಟಿದ್ದೇವೆ. ನಮ್ಮ ಪಾಲು ಕುಡಿಯುವವರು ನಮಗಿಂತ ಜೋರಾಗಿ ನಮ್ಮ ದೇವರನ್ನು ಹೊಗಳುತ್ತಾರೆ.

ನನ್ನ ಸಿಟ್ಟು ನಿನಗೆ ಗೊತ್ತು. ಅದನ್ನು ಈಗ ಹುಡುಕಿದರೂ ಸಿಗುತ್ತಿಲ್ಲ. ನಮ್ಮಲ್ಲಿ ಸ್ವಾಮಿಗಳ ಪಾದ ತೊಳೆದು ಆ ನೀರನ್ನು ತೀರ್ಥವೆಂದು ತೆಗೆದುಕೊಳ್ಳುತ್ತೇವೆ. ಈ ದೇವರು ತಾನೇ ಬಗ್ಗಿ ಮೀನುಗಾರರ ಪಾದ ತೊಳೆದನಂತೆ. ಅದನ್ನು ಓದಿದ ದಿನ ಅಳು ತಡೆಯಲಾಗಲಿಲ್ಲ. ಅಕ್ಕಾ, ನಾನು ಯೇಸುವಿನವನಾಗಿದ್ದೇನೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ನಿನ್ನ ಮುತ್ತು


ಅಥಣಿ ರಸ್ತೆ, ವಿಜಯಪುರ
೨೧ ಅಕ್ಟೋಬರ್ ೨೦೨೩

ಮುತ್ತೂ,

ನಿನ್ನ ಪತ್ರವನ್ನು ಟಿಕೋಟಾ ಬಸ್ಸಿನಲ್ಲಿ ಓದಿದೆ. ಶಾಲೆಗೆ ಹೋಗಿ ಹುಡುಗರಿಗೆ ಹಿಂದಿ ಪಾಠ ಮಾಡುವಾಗಲೂ ನಗು ಬರುತ್ತಿತ್ತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಅಪ್ಪ ನಿನಗೇ ಹೇಳುತ್ತಿದ್ದುದು. ಲಿಂಗಪೂಜೆಗೆ ಏಳು ಎಂದರೆ ಕೌದಿ ಎಳೆದುಕೊಂಡು ಮಗ್ಗುಲಾಗುತ್ತಿದ್ದವನಿಗೆ ಹಿಮದಲ್ಲಿ ದೇವರು ಸಿಕ್ಕಿದ್ದಾನೆ. ಚಳಿಗೆ ತಲೆ ಕೆಡುತ್ತದೆ ಎಂದು ಕೇಳಿದ್ದೆ, ಇಷ್ಟು ಬೇಗ ಕೆಡುತ್ತದೆಂದು ಗೊತ್ತಿರಲಿಲ್ಲ.

ಆ ಸತೀಶಕುಮಾರ ಯಾರೆಂದು ವಿಚಾರಿಸಿದೆ. ಅಪ್ಪ ಭೂತನಾಳದಲ್ಲಿ ಪಂಚರ್ ತಿದ್ದುವವನು. ಅಜ್ಜಿ ನಮ್ಮ ಅಜ್ಜನ ಕಾಲದಲ್ಲಿ ಹಿತ್ತಲ ಬಾಗಿಲಿಗೆ ಬಂದು ರೊಟ್ಟಿ ಇಸಿದುಕೊಂಡು ಹೋಗುತ್ತಿದ್ದವಳು. ಅಂಥವನು ಬಸಗೊಂಡಪ್ಪನ ಮಗನ ಪಾದ ಹಿಡಿಯುತ್ತಾನೆ, ಸರಿ. ಅವನ ಪಾದವನ್ನು ನೀನೂ ಹಿಡಿಯುತ್ತೀಯೇನು? ಅದನ್ನು ಬರೆದಿಲ್ಲವಲ್ಲ.

ಅವ್ವ ಚೆನ್ನಾಗಿದ್ದಾಳೆ. ಹೊನವಾಡದ ತೋಟದಲ್ಲಿ ದ್ರಾಕ್ಷಿಯ ಚಾಟ್ನಿ ಮುಗಿಯಿತು, ಕತ್ತರಿಸಿದ ಬಳ್ಳಿಯೆಲ್ಲ ಬೋಳು ಬೋಳು. ನಿನ್ನ ಹುಚ್ಚನ್ನೂ ಹಾಗೇ ಕತ್ತರಿಸಿ ಹಾಕು.

ಶಾಂಭವಿ


ಹಿಮದ ಚೌಕಿ
೧೨ ನವೆಂಬರ್ ೨೦೨೩

ಅಕ್ಕಾ,

ಹೌದು, ಅವನ ಪಾದ ನಾನೂ ಹಿಡಿಯುತ್ತೇನೆ. ಹೋದ ವಾರ ಅವನ ಹೆಬ್ಬೆರಳು ಕಪ್ಪಾಗತೊಡಗಿತ್ತು. ನನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತೆ, ಉಳಿಯಿತು. ಅವನಜ್ಜಿಗೆ ನಾವು ಹಿತ್ತಲಲ್ಲಿ ರೊಟ್ಟಿ ಎಸೆದ ಕಥೆ ಅವನಿಗೂ ಗೊತ್ತು. ಕೇಳಿದರೆ "ರೊಟ್ಟಿ ಚಲೋ ಇರ್ತಿತ್ತಂತ ಬಿಡೋ" ಎಂದು ನಗುತ್ತಾನೆ. ಅಪ್ಪಿತಪ್ಪಿ ಯಾರಾದರೂ ತಪ್ಪು ಮಾಡಿದರೆ ಅದನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಸಾಹೇಬರ ಮುಂದೆ ನಿಲ್ಲುತ್ತಾನೆ. ಯಾಕೋ ಎಂದರೆ, ಊರವರ ಪಾಪವನ್ನೆಲ್ಲ ಹೊತ್ತವನ ಹಿಂದೆ ಹೊರಟಿದ್ದೇವೆ, ಇಷ್ಟಾದರೂ ಹೊರಬೇಡವೇ ಅನ್ನುತ್ತಾನೆ.

ಫೆಬ್ರವರಿಯಲ್ಲಿ ಇಬ್ಬರೂ ರಜೆಗೆ ಬರುತ್ತೇವೆ. ಭೂತನಾಳ ಕೆರೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕೆಂದಿದ್ದೇನೆ. ನೀರಲ್ಲಿ ಮುಳುಗಿಸಿ ಎತ್ತುತ್ತಾರೆ, ಅಷ್ಟೇ. ನೀನು ದಂಡೆಯ ಮೇಲೆ ಬಂದು ನಿಲ್ಲು, ಮಾತಾಡದಿದ್ದರೂ ನಡೆಯುತ್ತದೆ. ಆಮೇಲೆ ಸೇನೆಯ ಕಾಗದದಲ್ಲಿ ಧರ್ಮ ಬದಲಿಸಲು ಅರ್ಜಿ ಕೊಡುತ್ತೇನೆ. ಕೊರಳ ಲಿಂಗವನ್ನು ರಜೆಗೆ ಬರುತ್ತಿರುವ ಟಿಕೋಟಾದ ಹುಡುಗನ ಕೈಯಲ್ಲಿ ಕಳಿಸಿದ್ದೇನೆ. ಅಪ್ಪ ಕಟ್ಟಿಸಿದ್ದು, ಎಲ್ಲೋ ಇಟ್ಟು ಮರೆಯುವ ಮನಸ್ಸಾಗಲಿಲ್ಲ. ಅವ್ವನ ಪೂಜೆಯ ಜಗಲಿಯ ಮೇಲಿಡು. ನಾನು ಬಂದು ಅವಳ ಮುಂದೆ ಕೂತು ಎಲ್ಲ ಹೇಳುತ್ತೇನೆ.

ಮುತ್ತು


ಅಥಣಿ ರಸ್ತೆ
೧ ಡಿಸೆಂಬರ್ ೨೦೨೩

ಮುತ್ತೂ,

ಲಿಂಗ ಬಂತು. ಜಗಲಿಯ ಮೇಲಿಡು ಎಂದೆಯಲ್ಲ, ಇಟ್ಟೆ. ಅವ್ವ ನೋಡಿದಳು. "ಇದು ನನ್ನ ಕೂಸಿಂದಲ್ಲೇನ?" ಎಂದಳು. ಎಲ್ಲ ಹೇಳಿಬಿಟ್ಟೆ. ಕುಸಿದು ಕೂತವಳು ಇನ್ನೂ ಎದ್ದಿಲ್ಲ. ಬಾಯಿಗೆ ನೀರು ಹಾಕಿದರೂ ಉಗುಳುತ್ತಾಳೆ. ಇನ್ನೊಂದು ಪೆಟ್ಟು ಬಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. "ಅಂವಾ ಕೆರ್‍ಯಾಗ ಮುಳುಗೋದಾದ್ರ ಮೊದಲ ನನ್ನ ಹೆಣಾ ಮುಳುಗಸು ಅಂತ ಬರಿ" ಎಂದಳು. ಬರೆದಿದ್ದೇನೆ. ಆರಿಸಿಕೋ. ಫೋನಿನಲ್ಲಿ ಮಾತ್ರ ಈ ವಿಷಯ ಎತ್ತಬೇಡ, ಅವಳು ತಡೆದುಕೊಳ್ಳಲಾರಳು.

ಅಪ್ಪ ಹೋದ ಮೇಲೆ ನಿನ್ನನ್ನು ಓದಿಸಲೆಂದು ನನಗೆ ಬಂದ ಸಂಬಂಧಗಳನ್ನೆಲ್ಲ ಹಿಂದಕ್ಕೆ ಕಳಿಸಿದವಳು ನಾನು. ಈಗ ನನಗೆ ಗಂಡನಿಲ್ಲ, ಮಕ್ಕಳಿಲ್ಲ. ನೀನೊಬ್ಬನಿದ್ದೀಯ, ಪಂಚರ್ ಅಂಗಡಿಯವನ ಮಗ ನಿನ್ನನ್ನೂ ಎತ್ತಿಕೊಂಡು ಹೋಗುತ್ತಿದ್ದಾನೆ. ಸುಮ್ಮನೆ ನೋಡುತ್ತಾ ಕೂರುವ ಹೆಂಗಸಲ್ಲ ನಾನು.

ಇನ್ನೊಂದು. ಇನ್ನು ಮೇಲೆ ನಿನ್ನ ಪತ್ರದಲ್ಲಿ ಆ ದೇವರ ಹೆಸರು ಬಂದ ಸಾಲಿಗೆ ಓದುವುದನ್ನು ನಿಲ್ಲಿಸುತ್ತೇನೆ. ಅದರ ಮುಂದೆ ನೀನು ಬಂಗಾರದಲ್ಲಿ ಬರೆದಿದ್ದರೂ ನೋಡುವುದಿಲ್ಲ. ಅವ್ವನ ಆಣೆ.

ಶಾಂಭವಿ


ಹಿಮದ ಚೌಕಿ
೨೪ ಡಿಸೆಂಬರ್ ೨೦೨೩

ಅಕ್ಕಾ,

ನೀನು ಗೆದ್ದೆ. ಫೆಬ್ರವರಿಯಲ್ಲಿ ಬರುತ್ತೇನೆ, ಕೆರೆಗೆ ಇಳಿಯುವುದಿಲ್ಲ. ಬರೆದಿಟ್ಟಿದ್ದ ಅರ್ಜಿ ಹರಿದು ಹಾಕಿದೆ. ಕಾಗದದಲ್ಲಿ ನಾನು ಹಿಂದೂ, ಅವ್ವ ಇರುವವರೆಗೆ ಹಾಗೇ ಇರುತ್ತೇನೆ.

ಹೋದ ವಾರ ಫೋನು ಸಿಕ್ಕಿತು. ಅವ್ವ ನಗುನಗುತ್ತಾ ಮಾತಾಡಿದಳು. ಎಳ್ಳ ಅಮವಾಸ್ಯೆಗೆ ಹೊನವಾಡಕ್ಕೆ ಹೋಗಿ ಹೊಲದಲ್ಲಿ ಚರಗ ಚೆಲ್ಲಿ ಬರುತ್ತೇನೆ, ನಿನಗೆ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಡುತ್ತೇನೆ ಎಂದಳು. ಹಾಸಿಗೆ ಹಿಡಿದವಳು ನನಗಾಗಿ ಎಷ್ಟು ಚೆನ್ನಾಗಿ ನಟಿಸಿದಳು! ಒಂದು ಮಾತೂ ಬೈಯಲಿಲ್ಲ. ಫೋನು ಇಟ್ಟು ಅತ್ತೆ. ಇಂಥವಳನ್ನು ಕೊಲ್ಲಲು ಹೊರಟಿದ್ದೆನಲ್ಲ.

ಆ ಹೆಸರು ಬಂದಲ್ಲಿ ನಿಲ್ಲಿಸುತ್ತೇನೆ ಎಂದದ್ದಕ್ಕೆ ನಗು ಬಂತು. ಸಣ್ಣವನಿದ್ದಾಗ "ನಿನ್ನ ಮಾರಿ ನೋಡಂಗಿಲ್ಲ ಹೋಗಲೇ" ಎಂದು ಬಾಗಿಲು ಹಾಕಿಕೊಂಡು ಸಂದಿಯಿಂದ ನೋಡುತ್ತಿದ್ದವಳು ನೀನು. ಈಗಲೂ ನೋಡುತ್ತೀಯ, ನನಗೆ ಗೊತ್ತು.

ನಾಳೆ ಯೇಸು ಹುಟ್ಟಿದ ದಿನ. ಐವರೂ ಹಾಲಿನ ಪುಡಿಯಲ್ಲಿ ಪಾಯಸ ಮಾಡುತ್ತೇವೆ. ಅವನನ್ನು ನಾನು ಬಿಟ್ಟಿಲ್ಲ ಅಕ್ಕಾ, ಕಾಗದವನ್ನಷ್ಟೇ ಬಿಟ್ಟಿದ್ದೇನೆ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಹೋದ ತಿಂಗಳು ಕೆಳಗಿನ ಚೌಕಿಯಲ್ಲಿ ಗದಗಿನ ಕಡೆಯ ಹುಡುಗನೊಬ್ಬ ತೀರಿಕೊಂಡ. ನಮ್ಮವನೇ, ಲಿಂಗವಂತ. ದೇಹ ಊರಿಗೆ ಒಯ್ಯುವ ಹಾಗಿರಲಿಲ್ಲ. ಕಾಗದದಲ್ಲಿ ಹಿಂದೂ ಎಂದಿತ್ತು, ಅಲ್ಲೇ ಸುಟ್ಟರು. ನಮ್ಮವರು ಮಣ್ಣು ಮಾಡುತ್ತಾರೆಂದು ಇಲ್ಲಿನವರಿಗೆ ಗೊತ್ತಿಲ್ಲ, ತಪ್ಪು ಅವರದಲ್ಲ. ಇಲ್ಲಿ ಹಿಂದೂ ಎಂದರೆ ಬೆಂಕಿ. ನನಗೇನಾದರೂ ಆದರೆ ಫೋನು ನಿನಗೇ ಬರುತ್ತದೆ, ಹಿಂದಿ ಬಲ್ಲವಳೆಂದು ನಿನ್ನ ನಂಬರೇ ಕೊಟ್ಟಿದ್ದೇನೆ. ಮಣ್ಣಿಗೆ ಇಡಿ ಎಂದು ಹೇಳು. ಯಾವ ದೇವರ ಹೆಸರಿನಲ್ಲಾದರೂ ಇಡಲಿ. ನಿನ್ನ ದಾರಿಯಲ್ಲೂ ಮಣ್ಣೇ, ನನ್ನ ದಾರಿಯಲ್ಲೂ ಮಣ್ಣೇ. ಇದೊಂದರಲ್ಲಿ ನಾವಿಬ್ಬರೂ ಜಗಳವಾಡುವಂತಿಲ್ಲ.

ನಿನ್ನ ಮುತ್ತು


ಅಥಣಿ ರಸ್ತೆ
೧೩ ಜನವರಿ ೨೦೨೪

ಮುತ್ತೂ, ನನ್ನ ಬಂಗಾರವೇ,

ಕೆರೆಯೂ ಇಲ್ಲ, ಅರ್ಜಿಯೂ ಇಲ್ಲ ಎಂದು ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ನಾಳೆ ಆ ಹೆಸರು ಹುಟ್ಟಿದ ದಿನ ಎಂಬ ಸಾಲಿಗೆ ಬಂದೆ, ಮಡಿಸಿ ಕಪಾಟಿನಲ್ಲಿಟ್ಟೆ. ಆಡಿದ ಮಾತಿಗೆ ತಪ್ಪುವವಳಲ್ಲ ನಿನ್ನ ಅಕ್ಕ. ಬೇಕಾದದ್ದು ಮೇಲೇ ಸಿಕ್ಕಿತ್ತು, ಕೆಳಗಿನದು ನಿಮ್ಮ ಹಾಡು-ಭಜನೆ ಇದ್ದೀತು.

ಅವ್ವ ಈಗ ಸುಧಾರಿಸಿದ್ದಾಳೆ. ಬಬಲೇಶ್ವರದಲ್ಲಿ ಒಂದು ಹುಡುಗಿ ನೋಡಿದ್ದೇವೆ, ಹೆಸರು ನಂದಾ, ಬಿ.ಎಡ್. ಮುಗಿಸಿದ್ದಾಳೆ. ನೀನು ಬಂದ ವಾರವೇ ಕಾಯಿ-ಕುಬಸ ಕೊಟ್ಟು ನಿಶ್ಚಯ ಮುಗಿಸಿಬಿಡೋಣ. ಕೊರಳಿಗೆ ಲಿಂಗ ಕಟ್ಟಿಕೊಂಡೇ ಹುಡುಗಿಯ ಮನೆಗೆ ಹೋಗುವುದು. ಸತೀಶಕುಮಾರ ಬಸ್ ಸ್ಟ್ಯಾಂಡಿನಿಂದಲೇ ತನ್ನ ದಾರಿ ಹಿಡಿಯಲಿ, ನಮ್ಮ ಮನೆಯ ಹೊಸ್ತಿಲು ತುಳಿಯುವುದು ಬೇಡ.

ನಿನ್ನ ಅಕ್ಕ


ಹಿಮದ ಚೌಕಿ
೨೦ ಫೆಬ್ರವರಿ ೨೦೨೪

ಶಾಂಭವಿ ಅಕ್ಕಾವರಿಗೆ ಸತೀಶಕುಮಾರನ ನಮಸ್ಕಾರ.

ನಿಮಗೆ ಸುದ್ದಿ ಬಂದಿರುತ್ತದೆ. ಜನವರಿ ಕೊನೆಯಲ್ಲಿ ಮುತ್ತು ಮುಂದಿನ ಕಾವಲಿಗೆ ಹೋಗುವಾಗ ಗುಡ್ಡದ ಹಿಮವೆಲ್ಲ ಜಾರಿತು. ಹಿಂದಿದ್ದ ಇಬ್ಬರನ್ನು ಎಳೆದೆವು, ಅವನು ಸಿಗಲಿಲ್ಲ. ದಿನಾ ಹಾರೆ ಹಿಡಿದು ಹೋಗುತ್ತೇವೆ. ರಜೆ ಬಂದಿತ್ತು, ನಾನು ಊರಿಗೆ ಹೋಗಲಿಲ್ಲ. ಅವನನ್ನು ಇಲ್ಲಿ ಬಿಟ್ಟು ಯಾವ ಮುಖ ಹೊತ್ತು ಬರಲಿ?

ನಿಮ್ಮ ಜನವರಿಯ ಪತ್ರ ಅವನು ಹೋದ ಮೇಲೆ ಬಂತು. ಒಡೆಯದೆ ನನ್ನ ಬೈಬಲ್ಲಿನಲ್ಲಿ ಇಟ್ಟಿದ್ದೇನೆ. ನಿಮಗಾಗಿ, ಅವ್ವನವರಿಗಾಗಿ ನಾವು ನಾಲ್ವರೂ ಪ್ರಾರ್ಥಿಸುತ್ತೇವೆ.

ಸತೀಶಕುಮಾರ


ಅಥಣಿ ರಸ್ತೆ
೯ ಮಾರ್ಚ್ ೨೦೨೪

ಸತೀಶಕುಮಾರನಿಗೆ,

ನಿನ್ನ ಪ್ರಾರ್ಥನೆ ನಿನ್ನ ಹತ್ತಿರವೇ ಇರಲಿ. ಹಿಂದಿದ್ದ ಇಬ್ಬರನ್ನು ಎಳೆದ ದೇವರಿಗೆ ನನ್ನ ತಮ್ಮ ಕಾಣಲಿಲ್ಲವೇ? ಲಿಂಗ ಕೊರಳಲ್ಲಿದ್ದಷ್ಟು ದಿನ ಅವನಿಗೆ ಒಂದು ಮುಳ್ಳು ಚುಚ್ಚಿರಲಿಲ್ಲ. ಬಿಚ್ಚಿಸಿದವನು ನೀನು.

ಅವನು ಸಿಕ್ಕರೆ ನಿಮ್ಮ ನಾಲ್ವರ ಕೈ ಅವನ ಮೈಗೆ ಸೋಕಬಾರದು. ಶಿಲುಬೆ ಗಿಲುಬೆ ಹತ್ತಿರ ತಂದರೆ ನಾನು ದೊಡ್ಡ ಸಾಹೇಬರವರೆಗೂ ಬರೆಯುತ್ತೇನೆ. ಬದುಕಿದ್ದಾಗ ಕಸಿದುಕೊಂಡಿರಿ, ಹೆಣವನ್ನು ಕೊಡುವುದಿಲ್ಲ.

ಶಾಂಭವಿ


ಹಿಮದ ಚೌಕಿ
೨ ಜೂನ್ ೨೦೨೪

ಶಾಂಭವಿ ಅಕ್ಕಾವರಿಗೆ,

ಹಿಮ ಕರಗಿ ಮುತ್ತು ಸಿಕ್ಕ. ಒಂದು ಬೂಟು ಕಳಚಿತ್ತು, ಆ ಕಾಲಿನಲ್ಲಿ ನನ್ನ ಉಣ್ಣೆಯ ಕಾಲುಚೀಲ ಇತ್ತು. ಅವನದು ಒದ್ದೆಯಾಗಿದೆಯೆಂದು ಆ ಬೆಳಿಗ್ಗೆ ನಾನೇ ಕೊಟ್ಟಿದ್ದೆ.

ಊರವರೆಗೆ ಒಯ್ಯುವ ಸ್ಥಿತಿಯಲ್ಲಿ ದೇಹ ಇರಲಿಲ್ಲ. ಅವನು ಮಣ್ಣು ಕೇಳಿದ್ದನೆಂದು ನಾನು ಸಾಹೇಬರ ಮುಂದೆ ನಿಂತು ಹೇಳಿದೆ. ಅವರು ಕಾಗದ ನೋಡಿ, ಮನೆಯವರನ್ನು ಕೇಳೋಣ ಎಂದು ನಿಮಗೆ ಫೋನು ಮಾಡಿದರು. ನಾನು ಬಾಗಿಲ ಹೊರಗಿದ್ದೆ. ಇವನ ಗೆಳೆಯರು ಕ್ರೈಸ್ತರ ರೀತಿಯಲ್ಲಿ ಮಾಡಿ ಎನ್ನುತ್ತಿದ್ದಾರೆ, ನಿಮ್ಮ ಇಷ್ಟವೇನು ಎಂದು ಅವರು ಕೇಳಿದ್ದು ಕೇಳಿಸಿತು. ನಿಮ್ಮ ಉತ್ತರವನ್ನು ಅವರೇ ಬಂದು ಹೇಳಿದರು. ಹಿಂದೂ ಪದ್ಧತಿ, ಬೇರೇನೂ ಬೇಡ, ಆ ನಾಲ್ವರು ಮುಟ್ಟಕೂಡದು.

ನನಗೆ ಆಶ್ಚರ್ಯವಾಯಿತು. ಭೂತನಾಳದಲ್ಲಿ ನಿಮ್ಮವರು ಮಣ್ಣು ಮಾಡುವುದನ್ನು ಕಂಡವನು ನಾನು. ಮುತ್ತು ಕೂಡ "ಅಕ್ಕಗ ಎಲ್ಲಾ ಬರದೀನಿ, ಆಕಿ ಹೇಳ್ತಾಳ" ಎನ್ನುತ್ತಿದ್ದ. ಇನ್ನೊಂದು ಸಲ ಕೇಳಿ ಎಂದು ಸಾಹೇಬರಿಗೆ ಹೇಳಬೇಕೆಂದು ಎದ್ದೆ. ಆದರೆ ಮುಟ್ಟಬೇಡ ಎಂದವರ ಮಾತಿನ ಮೇಲೆ ಮಾತಾಡುವುದು ಹೇಗೆಂದು ಮತ್ತೆ ಕೂತೆ. ಓದಿದವರು, ತಿಳಿದೇ ಹೇಳಿರುತ್ತೀರಿ, ಅವ್ವನವರಿಗೆ ಅದೇ ಸಮಾಧಾನವಿದ್ದೀತು ಎಂದುಕೊಂಡೆ.

ಕಟ್ಟಿಗೆ ಹಸಿಯಾಗಿತ್ತು, ಹತ್ತಿಕೊಳ್ಳಲಿಲ್ಲ. ಇವನ ಊರ ಕಡೆಯವರು ಯಾರಿದ್ದೀರಿ ಎಂದು ಪಂಡಿತರು ಕೇಳಿದರು. ನಾನೊಬ್ಬನೇ ಇದ್ದೆ. ಬೆಂಕಿ ನಾನೇ ಇಟ್ಟೆ. ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮಿಸಿ. ಅವನ ಪಾದ ಎಷ್ಟೋ ಸಲ ಬಿಸಿ ಮಾಡಿದ ಕೈ ಇದು, ಅದೇ ಕೈಯಿಂದ ಅದನ್ನೂ ಮಾಡಿಸಿದಿರಿ.

ಸತೀಶಕುಮಾರ


ಅಥಣಿ ರಸ್ತೆ
೨೦ ಜೂನ್ ೨೦೨೪

ಸತೀಶಕುಮಾರನಿಗೆ,

ನಿನ್ನ ಪತ್ರಕ್ಕಿಂತ ಮೊದಲೇ ಮಡಕೆ ಬಂತು.

ಇಲ್ಲಿ ವಿಧಿ ಮುಗಿಸಿ ಮನೆಗೆ ಕಳಿಸುತ್ತೇವೆ ಎಂದು ನಿಮ್ಮ ಸಾಹೇಬ ಹೇಳಿದ್ದ. ಸ್ನಾನ, ಪೂಜೆ, ಸಲಾಮಿ ಎಂದುಕೊಂಡೆ. ನಮ್ಮಲ್ಲಿ ಮನೆಯ ವಿಧಿ ಎಂದರೆ ಅಷ್ಟೇ, ಉಳಿದದ್ದು ಮಣ್ಣಿನ ಕೆಲಸ. ಹಿಂದೂ ಎಂದರೆ ನಮ್ಮ ಪದ್ಧತಿ, ನಮ್ಮ ಪದ್ಧತಿ ಎಂದರೆ ಮಣ್ಣು. ಸುಡುವ ಯೋಚನೆ ನನ್ನ ಕನಸಿನಲ್ಲೂ ಬರಲಿಲ್ಲ. ನಿನ್ನ ಶಿಲುಬೆಯನ್ನು ತಪ್ಪಿಸಿದೆನೆಂಬ ಖುಷಿಯಲ್ಲಿ ಫೋನು ಇಟ್ಟೆ.

ಪೆಟ್ಟಿಗೆ ಬರುತ್ತದೆಂದು ಹೊನವಾಡದ ತೋಟದಲ್ಲಿ ಅಪ್ಪನ ಪಕ್ಕದಲ್ಲಿ ಕುಣಿ ತೋಡಿಸಿದ್ದೆ. ಕುಂತ ಮನುಷ್ಯನ ಅಳತೆಯದು, ಒಳಗೊಂದು ಗೂಡು. ವಿಭೂತಿ, ಪತ್ರಿ ಎಲ್ಲ ತರಿಸಿದ್ದೆ. ಕಪಾಟಿನಿಂದ ಅವನ ಲಿಂಗ ತೆಗೆದಿದ್ದೆ, ಅಂಗೈಯಲ್ಲಿ ಇಡಬೇಕಲ್ಲ. ಟಿಕೋಟಾದಿಂದ ನನ್ನ ಶಾಲೆಯವರು ಬಂದಿದ್ದರು, ಬಬಲೇಶ್ವರದಿಂದ ಮುತ್ತುವಿಗೆ ನೋಡಿದ್ದ ಹುಡುಗಿ ನಂದಾಳ ಅಪ್ಪನೂ ಬಂದಿದ್ದ. ಜೀಪಿನಿಂದ ಇಳಿದವನ ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಮಡಕೆ. ಪೆಟ್ಟಿಗೆ ಹಿಂದೆ ಬರುತ್ತಿದೆಯೇನೋ ಎಂದು ಜನ ರಸ್ತೆಯ ಕಡೆ ನೋಡುತ್ತಲೇ ಇದ್ದರು.

ನಮ್ಮಲ್ಲಿ ಕೊನೆಗೆ ಸ್ವಾಮಿಗಳು ಕುಣಿಗೆ ಇಳಿದು ಹೋದವನ ತಲೆಯ ಮೇಲೆ ಪಾದ ಇಡಬೇಕು. ಇಳಿದರು. ಗೂಡಿನಲ್ಲಿ ಮಡಕೆ ಇತ್ತು. ಅವರು ಒಂದು ಕಾಲೆತ್ತಿ, ಮತ್ತೆ ಕೆಳಗಿಟ್ಟು, ನನ್ನ ಕಡೆ ತಿರುಗಿ ಕೇಳಿದರು: "ತಂಗೀ, ಪಾದ ಎಲ್ಲಿಡ್ಲಿ?"

ಇಡೀ ತೋಟ ನನ್ನ ಬಾಯಿ ನೋಡುತ್ತಿತ್ತು. ಅವ್ವ ಎದ್ದು ಬಂದು ನನ್ನ ರಟ್ಟೆ ಹಿಡಿದಳು. "ನನ್ನ ಕೂಸಿನ್ನ ಸುಡಾಕ ಯಾರ ಹೇಳಿದ್ರು? ಹೇಳ, ಯಾರ ಹೇಳಿದ್ರು?"

ನಾನು ನಿನ್ನ ಹೆಸರು ಹೇಳಿದೆ. ಕೊರಳ ಲಿಂಗ ಬಿಚ್ಚಿಸಿದವನೂ ಅವನೇ, ಬೆಂಕಿ ಇಟ್ಟವನೂ ಅವನೇ ಎಂದೆ. ಬೆಂಕಿಯ ಮಾತನ್ನು ಸುಮ್ಮನೆ ಹೇಳಿದ್ದೆ, ಅದು ನಿಜವೆಂದು ನಿನ್ನ ಪತ್ರ ಬಂದ ಮೇಲೆ ತಿಳಿಯಿತು. ಮುತ್ತು ನಿಮ್ಮವನಾದದ್ದು ಅವ್ವನಿಗೆ ಗೊತ್ತಾದದ್ದೇ ಅವತ್ತು. ಡಿಸೆಂಬರಿನಲ್ಲಿ ನಾನು ಅವನಿಗೆ ಬರೆದದ್ದೆಲ್ಲ ಕಟ್ಟುಕಥೆ. ಅವ್ವ ಹೋಳಿಗೆ ತಟ್ಟಿಕೊಂಡು ಹಾಯಾಗಿದ್ದಳು.

ಅವತ್ತೇ ಸಂಜೆ ಹೊನವಾಡದ ಹುಡುಗರು ಭೂತನಾಳಕ್ಕೆ ಹೋದರು. ನಿನ್ನಪ್ಪನ ಅಂಗಡಿಯ ಗಾಳಿ ಹಾಕುವ ಮಷೀನು ಈಗ ಕೆರೆಯಲ್ಲಿದೆಯಂತೆ. ಅವನ ಮುಂದಿನ ಹಲ್ಲು ಹೋಗಿವೆಯಂತೆ. ನಾನು ಕಳಿಸಲಿಲ್ಲ, ತಡೆಯಲೂ ಇಲ್ಲ.

ನಿನ್ನ ಪತ್ರ ಓದಿ ಮುತ್ತುವಿನ ಡಿಸೆಂಬರ್ ಪತ್ರ ತೆಗೆದೆ. ಮಡಿಸಿದ ಸಾಲಿನಿಂದ ಕೆಳಗೆ ಓದಿದೆ. ಬಚ್ಚಲಿಗೆ ಹೋಗಿ ನಳ ಜೋರಾಗಿ ಬಿಟ್ಟುಕೊಂಡು ಅತ್ತೆ, ಅವ್ವನಿಗೆ ಕೇಳಿಸಬಾರದಲ್ಲ. ಆಮೇಲೆ ಅದನ್ನು ಗ್ಯಾಸಿನ ಉರಿಗೆ ಹಿಡಿದೆ. ಅವನು ಮಣ್ಣು ಕೇಳಿ ನನಗೆ ಬರೆದಿದ್ದನೆಂದು ಈಗ ಗೊತ್ತಿರುವುದು ನಿನಗೆ ಮತ್ತು ನನಗೆ ಮಾತ್ರ.

ಅವ್ವ ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ನಿನ್ನ ಹೆಸರು ಹಿಡಿದು ಶಾಪ ಹಾಕುತ್ತಾಳೆ. ಹಾಕಿದ ಮೇಲೆ ನಾಲ್ಕು ತುತ್ತು ಉಣ್ಣುತ್ತಾಳೆ. ಅವಳಿಗೆ ನಿಜ ಹೇಳಿಬಿಟ್ಟರೆ ಉಣ್ಣುವುದೂ ಇಲ್ಲ, ನನ್ನ ಮಾರಿ ನೋಡುವುದೂ ಇಲ್ಲ. ನನಗೆ ಉಳಿದವಳು ಅವಳೊಬ್ಬಳು. ಹೇಳುವುದಿಲ್ಲ.

ಊರವರ ಪಾಪವನ್ನೆಲ್ಲ ಹೊತ್ತವನ ಹಿಂದೆ ಹೊರಟವನು ನೀನು ಎಂದು ಮುತ್ತು ಬರೆದಿದ್ದ. ಹೊರು ಹಾಗಾದರೆ.

ಉತ್ತರ ಬರೆಯಬೇಡ. ಬರೆದರೂ ನಿನ್ನ ಹೆಸರು ಕಂಡಲ್ಲಿ ನಿಲ್ಲಿಸುತ್ತೇನೆ.

ಶಾಂಭವಿ